ಬಾಡಿಗೆಗೆ ಬಿಡಲೆಂದೇ ಫ್ಲ್ಯಾಟ್ ಕೊಳ್ಳುವ ಮುನ್ನ

‘ಬಾಡಿಗೆ ದುಡ್ಡಲ್ಲೇ ಇಎಂಐ ಕಟ್ಟಿಕೊಂಡು ಹೋಗಬಹುದು’ ಎಂದು ಬ್ರೋಕರ್ ಹೇಳಿದರೆ ಕಾಗದದ ಮೇಲೆ ಲೆಕ್ಕ ಹಾಕಿಸಿ. ಬೆಂಗಳೂರಿನಲ್ಲಿ ₹75 ಲಕ್ಷದ ಫ್ಲ್ಯಾಟ್‌ಗೆ ತಿಂಗಳಿಗೆ ₹24 ಸಾವಿರ ಬಾಡಿಗೆ ಬರುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ ಶೇ 4ರಷ್ಟೂ ಆಗಲಿಲ್ಲ. ಸಾಲದ ಬಡ್ಡಿ ಶೇ 8.5 ಇದ್ದರೆ, ನಡುವಿನ ಅಂತರ ಹೋಗುವುದು ನಿಮ್ಮ ಸಂಬಳದಿಂದಲೇ.

ಮೊದಲು ಕೈಗಂಟು. ₹30 ಲಕ್ಷದಿಂದ ₹75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 80 ಮಿತಿ ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಅಂದರೆ ಸಾಲ ₹60 ಲಕ್ಷ, ನಿಮ್ಮದು ₹15 ಲಕ್ಷ. ಎಡವುವುದು ಇದರ ನಂತರ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎರಡೂ ಸೇರಿ ₹5.7 ಲಕ್ಷ. ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕು ಇದನ್ನು ಮನೆ ಬೆಲೆಗೆ ಸೇರಿಸುವುದಿಲ್ಲ. ವಾರ್ಡ್‌ರೋಬ್, ಗೀಸರ್, ಬ್ರೋಕರ್ ಕಮಿಷನ್ ಎಂದು ಇನ್ನೆರಡು ಲಕ್ಷ ಇಟ್ಟುಕೊಂಡರೆ ಸುಮಾರು ₹23 ಲಕ್ಷ ಕೈಯಲ್ಲಿರಬೇಕು.

ಬೆಲೆ ₹50 ಲಕ್ಷ ಅಥವಾ ಹೆಚ್ಚಿದ್ದರೆ ಮಾರುವವರ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಇಲ್ಲಿ ₹75 ಸಾವಿರ. ಬ್ಯಾಂಕು ಚೆಕ್ಕನ್ನು ನೇರವಾಗಿ ಮಾರುವವರಿಗೆ ಕೊಡುವುದರಿಂದ ಇದು ಮರೆತೇ ಹೋಗುತ್ತದೆ. ನಿಮ್ಮ ಪಾಲಿನ ಹಣದಲ್ಲೇ ಮುರಿದುಕೊಳ್ಳಿ. ಮಾರುವವರು ಎನ್‌ಆರ್‌ಐ ಆಗಿದ್ದರೆ ಈ ಶೇ 1ರ ಲೆಕ್ಕ ನಡೆಯದು, ಮೊದಲೇ ಆಡಿಟರ್‌ರನ್ನು ಕೇಳಿ.

ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಎಂಬ ಸ್ವಾಧೀನಾನುಭವ ಪತ್ರ) ಸಿಕ್ಕಿರುವ ಕಟ್ಟಡವನ್ನೇ ಹುಡುಕಿ. ಜಿಎಸ್‌ಟಿ ಇಲ್ಲ, ಬಾಡಿಗೆಯೂ ಬೇಗ ಶುರುವಾಗುತ್ತದೆ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ) ಇಲ್ಲದೆ ನೋಂದಣಿ ಆಗದು.

ಇನ್ನು ತಿಂಗಳ ಲೆಕ್ಕ. ₹60 ಲಕ್ಷಕ್ಕೆ 20 ವರ್ಷದ ಇಎಂಐ ಸುಮಾರು ₹52 ಸಾವಿರ. ಬಾಡಿಗೆಯನ್ನು 12 ತಿಂಗಳಿಗೆ ಗುಣಿಸಬೇಡಿ, 10ಕ್ಕೆ ಗುಣಿಸಿ. ಒಂದು ತಿಂಗಳು ಮನೆ ಖಾಲಿ, ಇನ್ನೊಂದು ತಿಂಗಳದ್ದು ರಿಪೇರಿ ಮತ್ತು ಆಸ್ತಿ ತೆರಿಗೆಗೆ. ಆಗ ಕೈಗೆ ಬರುವುದು ತಿಂಗಳಿಗೆ ₹20 ಸಾವಿರ, ಕೊರತೆ ₹32 ಸಾವಿರ. ಆರು ತಿಂಗಳ ಇಎಂಐ ಪಕ್ಕಕ್ಕಿಡಲಾಗದವರು ಈ ವ್ಯವಹಾರಕ್ಕೆ ಇಳಿಯದಿರುವುದೇ ವಾಸಿ.

ಆದಾಯ ತೆರಿಗೆಯಲ್ಲಿ ವಾಪಸು ಬರುತ್ತದಲ್ಲ ಎನ್ನುವವರಿದ್ದಾರೆ. ಬಾಡಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು, ಬಡ್ಡಿಯನ್ನೂ ಕಳೆಯಬಹುದು, ನಿಜ. ಮೊದಲ ವರ್ಷದ ಬಡ್ಡಿಯೇ ₹5 ಲಕ್ಷ ದಾಟುವುದರಿಂದ ಬಾಡಿಗೆಗೆ ತೆರಿಗೆ ಬೀಳುವುದಿಲ್ಲ. ಆದರೆ ಮಿಕ್ಕ ನಷ್ಟವನ್ನು ಸಂಬಳದ ಎದುರು ತೋರಿಸುವ ಅವಕಾಶ ಹಳೆ ಪದ್ಧತಿಯಲ್ಲಿ ವರ್ಷಕ್ಕೆ ₹2 ಲಕ್ಷದವರೆಗೆ ಮಾತ್ರ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಬಾಡಿಗೆಗೆ ಕೊಡುವಾಗ

ಕರ್ನಾಟಕ ಬಾಡಿಗೆ ಕಾಯ್ದೆ–1999 ಬೆಂಗಳೂರಿನಲ್ಲಿ ತಿಂಗಳಿಗೆ ₹3,500 ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಜಗಳ ಬಂದಾಗ ಎಲ್ಲರೂ ನೋಡುವುದು ಕರಾರು ಪತ್ರವನ್ನೇ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ 11 ತಿಂಗಳ ರೂಢಿ. ನೋಟಿಸ್ ಅವಧಿ, ಶೇಕಡಾವಾರು ಏರಿಕೆ, ಮೇಂಟೆನೆನ್ಸ್ ಯಾರದು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಅಂಕಿಯಲ್ಲೇ ಬರೆಯಿರಿ. ‘ರೂಢಿಯಂತೆ’ ಎಂದು ಬರೆದಲ್ಲೇ ತಕರಾರು ಹುಟ್ಟುವುದು.

ಇಎಂಐ ಹೊರೆ ಇಳಿಸಲು ಮನೆಯನ್ನು ಭೋಗ್ಯಕ್ಕೆ ಹಾಕಿ, ಬಂದ ₹15–20 ಲಕ್ಷವನ್ನು ಸಾಲಕ್ಕೆ ಕಟ್ಟುವವರಿದ್ದಾರೆ. ಅವಧಿ ಮುಗಿದಾಗ ಅಷ್ಟೂ ಹಣವನ್ನು ಒಂದೇ ಕಂತಿನಲ್ಲಿ ಹಿಂತಿರುಗಿಸಬೇಕು. ಸಾಲವಿರುವ ಮನೆಗೆ ಬ್ಯಾಂಕಿನ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ಬೇಡವೇ ಬೇಡ.

ಬೀಗದ ಕೈ ಕೊಡುವ ದಿನ ಗೋಡೆ, ನಲ್ಲಿ, ಸಿಂಕಿನ ಕೆಳಭಾಗ, ಬಾತ್‌ರೂಮಿನ ಸೀಲಿಂಗ್ ಎಲ್ಲದರ ವಿಡಿಯೊ ಮಾಡಿ ಇಬ್ಬರೂ ಇಟ್ಟುಕೊಳ್ಳಿ. ಸೀಲಿಂಗ್‌ನಲ್ಲಿ ಹಳದಿ ಕಲೆ ಕಂಡರೆ ಮೇಲಿನ ಮನೆಯ ಬಾತ್‌ರೂಮ್ ಸೋರುತ್ತಿರಬಹುದು. ಬರೀ ಬಣ್ಣ ಬಳಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಿದ್ಯುತ್ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಹಿಂದಿನ ಬಾಡಿಗೆದಾರರ ಗೃಹಜ್ಯೋತಿ (ಉಚಿತ ವಿದ್ಯುತ್) ಆ ಮೀಟರ್‌ನಿಂದ ಡಿ-ಲಿಂಕ್ ಆಗದಿದ್ದರೆ ಹೊಸಬರಿಗೆ ಯೋಜನೆ ಸಿಗದು. ಆಸ್ತಿ ತೆರಿಗೆಯಲ್ಲೂ ‘ಬಾಡಿಗೆ’ ಎಂದೇ ಘೋಷಿಸಿ. ದರ ಸ್ವಂತ ವಾಸದ ಎರಡರಷ್ಟಾದರೂ, ಸುಳ್ಳು ಘೋಷಣೆಗೆ ದಂಡ ಬೀಳುತ್ತದೆ.

ಅಡ್ವಾನ್ಸ್ ಹಣ ನಿಮ್ಮ ಆದಾಯವಲ್ಲ. ಇಎಂಐಗೆ ಮುಟ್ಟದೆ ಬೇರೆ ಎಫ್‌ಡಿಯಲ್ಲಿಡಿ. ಮುಂದಿನ ಬಾಡಿಗೆದಾರರು ಸಿಕ್ಕ ಮೇಲೆ ಕೊಡುತ್ತೇನೆ ಎಂದರೆ ಹಳಬರು ಬೀಗದ ಕೈ ಬಿಡುವುದಿಲ್ಲ.