ಬಿಟ್ಟುಹೋಗಿದ್ದ ದೇಣಿಗೆಗಳಿಗಾಗಿ ಹಳೆಯ ರಿಟರ್ನನ್ನು ತಿದ್ದಿದ ಅನುಭವ

ಅಮೆರಿಕದಲ್ಲಿ ನಾವು ದಂಪತಿಗಳು ಜಂಟಿಯಾಗಿ ಸಲ್ಲಿಸಿದ 2022ನೇ ಸಾಲಿನ ಫೆಡರಲ್ ತೆರಿಗೆ ರಿಟರ್ನಿನಲ್ಲಿ ಮನೆಸಾಲದ ಬಡ್ಡಿ, ಆಸ್ತಿ ತೆರಿಗೆಗಳನ್ನೆಲ್ಲ ಷೆಡ್ಯೂಲ್ ಎ ಪುಟದಲ್ಲಿ, ಅಂದರೆ ಆದಾಯದಿಂದ ಕಳೆಯಬಹುದಾದ ಖರ್ಚುಗಳನ್ನು (ಕಡಿತಗಳನ್ನು) ಒಂದೊಂದಾಗಿ ಪಟ್ಟಿಮಾಡುವ ಪುಟದಲ್ಲಿ, ತೋರಿಸಿದ್ದರೂ ದೇಣಿಗೆಯ ಸಾಲು ಖಾಲಿಯಾಗಿಯೇ ಉಳಿದಿತ್ತು. ಇದು ಕಣ್ಣಿಗೆ ಬಿದ್ದದ್ದು 2024ರ ಕೊನೆಯಲ್ಲಿ, ಹಳೆಯ ಕಡತಗಳನ್ನು ವಿಂಗಡಿಸುವಾಗ. ರಿಟರ್ನ್ ಸಲ್ಲಿಸಿ ಮೂರು ವರ್ಷ ಅಥವಾ ತೆರಿಗೆ ಕಟ್ಟಿ ಎರಡು ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಮರುಪಾವತಿ ಕೇಳಬಹುದಾದ್ದರಿಂದ ಕಾಲ ಮಿಂಚಿರಲಿಲ್ಲ.

ಫಾರ್ಮ್ ತುಂಬುವುದಕ್ಕಿಂತ ದಾಖಲೆಗಳನ್ನು ಪರಿಶೀಲಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬಡವರಿಗೆ ದಿನಸಿ ಹಂಚುವ ಸಂಸ್ಥೆಗೆ ಕೊಟ್ಟ 850 ಡಾಲರ್ ಚೆಕ್ಕಿಗೆ 2023ರ ಜನವರಿಯಲ್ಲೇ ಬಂದ ಪತ್ರವಿತ್ತು. ದೇಣಿಗೆಗೆ ಪ್ರತಿಯಾಗಿ ಯಾವ ವಸ್ತುವನ್ನೂ ಸೇವೆಯನ್ನೂ ನೀಡಿಲ್ಲವೆಂಬ ಸಾಲು ಅದರ ಕೊನೆಯಲ್ಲಿತ್ತು. 250 ಡಾಲರ್ ಮುಟ್ಟಿದ ಪ್ರತಿ ದೇಣಿಗೆಗೂ ಅಂಥ ಪತ್ರ ಬೇಕೇ ಬೇಕು. ಗ್ರಂಥಾಲಯದ ನೆರವಿನ ಸಂಘಕ್ಕೆ ತಿಂಗಳಿಗೆ 25ರಂತೆ ಸಂದ 300 ಡಾಲರಿಗೆ ಪತ್ರವಿರಲಿಲ್ಲವಾದರೂ, ಒಂದೊಂದು ಕಂತೂ ಪ್ರತ್ಯೇಕ ದೇಣಿಗೆಯೆನಿಸುವುದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕಾಯಿತು.

ದೇವಸ್ಥಾನಕ್ಕೆ ಒಮ್ಮೆಲೇ ಕೊಟ್ಟಿದ್ದ 400 ಡಾಲರಿನ ವಿಷಯದಲ್ಲಿ ಮಾತ್ರ ಮನಸ್ಸಿಗೆ ಬೇಸರವಾಯಿತು. ಕೇಳಿದ್ದರೆ ಅವರು ಈಗಲೂ ರಸೀದಿ ಬರೆದುಕೊಡುತ್ತಿದ್ದರು. ಆದರೆ ಮೂಲ ರಿಟರ್ನ್ ಸಲ್ಲಿಸಿದ ದಿನ ಅಥವಾ ಸಲ್ಲಿಸಲು ಇದ್ದ ಕೊನೆಯ ದಿನ, ಯಾವುದು ಮೊದಲೋ ಅಷ್ಟರೊಳಗೆ ಆ ಪತ್ರ ನಮ್ಮ ಕೈಸೇರಿರಬೇಕು. ತಿದ್ದುಪಡಿಯ ದಿನ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ತಾರೀಕು ಹಾಕಿಸಿಕೊಳ್ಳುವುದು ಸುಳ್ಳು ದಾಖಲೆಯೇ ಸರಿ. ಆ ಮೊತ್ತವನ್ನು ಕೈಬಿಟ್ಟೆ.

ಸಲ್ಲಿಸಿದ ರಿಟರ್ನನ್ನು ತಿದ್ದಲು ಬಳಸುವ ಫಾರ್ಮ್ 1040-ಎಕ್ಸ್‌ನಲ್ಲಿ ಮೂರು ಕಾಲಂಗಳಿವೆ: ಮೊದಲು ತೋರಿಸಿದ್ದು, ವ್ಯತ್ಯಾಸ, ಸರಿಯಾದದ್ದು. ಒಟ್ಟು 1,150 ಡಾಲರ್ ಕಡಿತ ಹೆಚ್ಚಾಗಿ, ನಮ್ಮ ಶೇ. 22ರ ದರದಲ್ಲಿ ತೆರಿಗೆ 253 ಡಾಲರಿನಷ್ಟು ಇಳಿಯಿತು. ನಾವು ಆ ವರ್ಷ ಖರ್ಚುಗಳ ಪಟ್ಟಿಯ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್ (ನಿಗದಿತ ಮೊತ್ತದ ಕಡಿತ) ಪಡೆದಿದ್ದರೆ, ದಂಪತಿಗಳಿಗಿದ್ದ 25,900 ಡಾಲರನ್ನು ಎಲ್ಲ ಕಡಿತಗಳೂ ಸೇರಿ ಮೀರದ ಹೊರತು ಈ ಶ್ರಮದಿಂದ ಏನೂ ದಕ್ಕುತ್ತಿರಲಿಲ್ಲ. ಕಾರಣ ಬರೆಯುವ ಜಾಗದಲ್ಲಿ, ಮೂಲ ರಿಟರ್ನಿನಲ್ಲಿ ಬಿಟ್ಟುಹೋದ ನಗದು ದೇಣಿಗೆಗಳನ್ನು ಸೇರಿಸಲಾಗಿದೆ ಎಂದಷ್ಟೇ ಬರೆದು, ತಿದ್ದಿದ ಷೆಡ್ಯೂಲ್ ಎ ಲಗತ್ತಿಸಿ ಆನ್‌ಲೈನಿನಲ್ಲೇ ಸಲ್ಲಿಸಿದೆ.

ಸುಮಾರು ಮೂರು ವಾರಗಳ ಬಳಿಕ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಜಾಲತಾಣದಲ್ಲಿ ಅದರ ಸ್ಥಿತಿ ಕಾಣಿಸಿತು. ಹಣ ಬರಲು ಮೂರು ತಿಂಗಳು ಹಿಡಿಯಿತು. ಜೊತೆಗೆ ಸ್ವಲ್ಪ ಬಡ್ಡಿಯೂ ಬಂದಿತ್ತು. ಆ ಬಡ್ಡಿಯೂ ತೆರಿಗೆಗೆ ಒಳಪಡುವ ಆದಾಯವಾದ್ದರಿಂದ, ಅದರ ಚೀಟಿಯನ್ನು ಬಡ್ಡಿ ಬಂದ ವರ್ಷದ ಕಡತಕ್ಕೆ ಅಂದೇ ಸೇರಿಸಿಟ್ಟೆ.