ಸಿವಿಇ ಸಂಖ್ಯೆ ‘ರಿಜೆಕ್ಟೆಡ್’ ಎಂದಿದ್ದರೆ ಏನು ಮಾಡಬೇಕು?

ದಾವಣಗೆರೆಯ ಸಹಕಾರಿ ಬ್ಯಾಂಕಿನ ಸರ್ವರ್ ಇರಲಿ, ಕಾಲೇಜಿನ ಲ್ಯಾಬ್ ಇರಲಿ, ಭದ್ರತಾ ಸ್ಕ್ಯಾನ್ ವರದಿಯಲ್ಲಿ ಬಂದ ಸಿವಿಇ ಸಂಖ್ಯೆಯ (ತಂತ್ರಾಂಶದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಸ್ಥಿತಿಯನ್ನು ಮೊದಲು ಸಿವಿಇ ತಾಣದಲ್ಲಿ ನೋಡಿ. ‘ರಿಸರ್ವ್ಡ್’ ಅಂದರೆ ಸಂಖ್ಯೆ ಕಾಯ್ದಿರಿಸಿದ್ದಾರೆ, ವಿವರ ಇನ್ನೂ ಪ್ರಕಟವಾಗಿಲ್ಲ. ಪಟ್ಟಿಯಿಂದ ತೆಗೆಯಬೇಡಿ, ವಾರಕ್ಕೊಮ್ಮೆ ನೋಡುತ್ತಿರಿ.

‘ರಿಜೆಕ್ಟೆಡ್’ ಇದ್ದರೆ ಅದರ ಕಾರಣ ಓದಲೇಬೇಕು. ಕಾಯ್ದಿರಿಸಿ ಬಳಸದೆ ಉಳಿದ ಸಂಖ್ಯೆಯಾದರೆ ಅದರ ಹಿಂದೆ ಯಾವ ದೋಷವೂ ಇಲ್ಲ, ಅಲ್ಲಿಗೆ ಬಿಡಿ. ಆದರೆ ಒಂದೇ ದೋಷಕ್ಕೆ ಎರಡು ಸಂಖ್ಯೆ ಬಿದ್ದು ಒಂದನ್ನು ತಿರಸ್ಕರಿಸಿದ್ದರೆ ದೋಷ ಹಾಗೇ ಇದೆ, ಇನ್ನೊಂದು ಸಂಖ್ಯೆಯಡಿ ಇದೆ. ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ತಪ್ಪಿಹೋಗುವುದು ಇಲ್ಲೇ. ಕಾರಣದಲ್ಲಿ ಸೂಚಿಸಿದ ಸಂಖ್ಯೆಯನ್ನು ಹಳೆಯದರ ಪಕ್ಕ ದಾಖಲಿಸಿ, ಅದರ ಪ್ರಕಾರ ಪ್ಯಾಚ್ ಹಾಕಿ. ‘ಡಿಸ್ಪ್ಯೂಟೆಡ್’ ಎಂಬ ಗುರುತು ತಿರಸ್ಕಾರವಲ್ಲ. ಅಲ್ಲಿ ದೋಷ ಹೌದೋ ಅಲ್ಲವೋ ಎಂಬ ತಕರಾರಿದೆ, ನೀವೇ ಪರೀಕ್ಷಿಸಿ.