ಅಂಗಡಿಯವರು ಕಾರಿನ ಚಕ್ರಕ್ಕೆ ಬೀಗ ಹಾಕಿದರೆ ಏನು ಮಾಡಬೇಕು?

ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು. ಆಗ ಹಾಸನದಲ್ಲಿ ದೇವಿಯ ದರ್ಶನವಾದರೂ ಆದೀತು, ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಬಿ.ಎಂ. ರಸ್ತೆಯ ಒಂದು ಸೂಪರ್ ಮಾರ್ಕೆಟ್ಟಿನ ಅಂಗಳದಲ್ಲಿ ಕಾರು ಬಿಟ್ಟೆ. ಎಣ್ಣೆ, ಬೇಳೆ ಕೊಂಡು ಡಿಕ್ಕಿಗೆ ಹಾಕಿ, ಎದುರಿನ ಮೆಡಿಕಲ್ ಶಾಪಿಗೆ ಹೋಗಿ ಬಂದೆ. ಹತ್ತು ನಿಮಿಷ ಆಗಿರಬಹುದು, ಅಷ್ಟೆ. ಮುಂದಿನ ಚಕ್ರಕ್ಕೆ ಹಳದಿ ಬಣ್ಣದ ವೀಲ್ ಲಾಕ್ ಬಿದ್ದಿತ್ತು.

“ಐನೂರು ಕೊಡಿ ಸಾರ್, ತೆಗೀತೀನಿ” ಎಂದ ಸೆಕ್ಯುರಿಟಿ ಹುಡುಗ.

ಇಂಥ ಹೊತ್ತಲ್ಲಿ ಎರಡೇ ಯೋಚನೆ ಬರುವುದು. ದುಡ್ಡು ಬಿಸಾಕಿ ಹೋಗೋಣ, ಇಲ್ಲವೇ ಜಗಳ ಆಡೋಣ. ಎರಡೂ ಬೇಡ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್‌ನಲ್ಲಿ ವೀಲ್ ಲಾಕ್‌ನ ಮಾತಿದೆ. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟುಹೋದ, ಇಲ್ಲವೇ ನಿಲ್ಲಿಸಬಾರದ ಕಡೆ ನಿಲ್ಲಿಸಿದ ವಾಹನಕ್ಕೆ ಬೀಗ ಹಾಕಿಸಬಹುದು, ಎಳೆದುಕೊಂಡು ಹೋಗಬಹುದು. ಆದರೆ ಅದಕ್ಕೆ ಅಪ್ಪಣೆ ಕೊಡಬೇಕಾದವರು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಅಂಗಡಿ ಮಾಲೀಕರ ಹೆಸರು ಆ ಸೆಕ್ಷನ್‌ನಲ್ಲಿ ಇಲ್ಲ. ಸೆಕ್ಯುರಿಟಿಯದಂತೂ ಇಲ್ಲವೇ ಇಲ್ಲ.

ಹಾಗಂತ ಅಂಗಡಿಯವರ ಕಷ್ಟ ಸುಳ್ಳಲ್ಲ. ಬೆಳಿಗ್ಗೆ ಕಾರು ಬಿಟ್ಟು ದರ್ಶನದ ಸಾಲಿಗೆ ಹೋದವರು ಸಂಜೆ ಬರುತ್ತಾರೆ. ಅವರ ಗಿರಾಕಿ ಎಲ್ಲಿ ನಿಲ್ಲಿಸಬೇಕು? ಅವರು ಶುಲ್ಕ ಇಡಲಿ, ಗೇಟಿನಲ್ಲಿ ಚೀಟಿ ಕೊಡಲಿ, ಅಡ್ಡ ನಿಂತ ಕಾರಿದ್ದರೆ ಪೊಲೀಸರನ್ನು ಕರೆಸಲಿ. ಬೀಗ ಹಾಕಿ ಕೈಗೆ ದುಡ್ಡು ಕೇಳುವುದು ಬೇರೆ ವಿಷಯ.

ಕಾರನ್ನು ಮುಟ್ಟಬೇಡಿ, ಫೋನ್ ತೆಗೆಯಿರಿ

ಸ್ಟಾರ್ಟ್ ಮಾಡಿ ಸ್ವಲ್ಪ ಮುಂದೆ ತಳ್ಳಿ ನೋಡೋಣ ಅನ್ನಬೇಡಿ. ಕಬ್ಬಿಣದ ಲಾಕ್ ಮಡ್‌ಗಾರ್ಡಿಗೆ ಬಡಿದರೆ ಐನೂರರ ಕೆಲಸ ಐದು ಸಾವಿರಕ್ಕೆ ಹೋಗುತ್ತದೆ. ಗ್ರೈಂಡರ್ ತರಿಸಿ ಕತ್ತರಿಸುವ ಯೋಚನೆಯೂ ಬೇಡ. ಅವರ ವಸ್ತು ಹಾಳು ಮಾಡಿದಿರಿ ಎಂದು ಕೇಸು ನಿಮ್ಮ ಮೇಲೇ ತಿರುಗಬಹುದು.

ಬೀಗ ಮತ್ತು ನಂಬರ್ ಪ್ಲೇಟ್ ಒಟ್ಟಿಗೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಚಕ್ರದ ಸುತ್ತ ಹೊಸ ಗೀರು ಇದೆಯಾ ನೋಡಿ. ಪಾರ್ಕಿಂಗ್ ಬೋರ್ಡ್ ಇದ್ದರೆ ಅದರದ್ದೂ ಫೋಟೊ ಇರಲಿ. ಡ್ರೈವರ್ ಸೀಟಿನಿಂದ ಅದು ಕಾಣುತ್ತದಾ, ರಾತ್ರಿ ಅದರ ಮೇಲೆ ಬೆಳಕಿದೆಯಾ ಎಂಬುದೂ ಮುಖ್ಯ. ನನ್ನ ಕೇಸಿನಲ್ಲಿ ಬೋರ್ಡಿನ ಅರ್ಧ ಭಾಗವನ್ನು ದೀಪಾವಳಿ ಆಫರ್‌ನ ಬ್ಯಾನರ್ ಮುಚ್ಚಿತ್ತು.

ಇನ್ನು ಬಿಲ್ಲು. ಅದರಲ್ಲಿ ನೀವು ಸಾಮಾನು ಕೊಂಡ ಹೊತ್ತು ನಿಮಿಷದ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ನೀವು ಅವರ ಗಿರಾಕಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಆದರೆ ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ. ಅದರದ್ದೂ ಅಲ್ಲೇ ಒಂದು ಫೋಟೊ ಇರಲಿ.

“ಬರೆದು ಕೊಡಿ”

ಸೆಕ್ಯುರಿಟಿ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಆಲೂರಿನಿಂದಲೋ ಅರಕಲಗೂಡಿನಿಂದಲೋ ಕೆಲಸಕ್ಕೆ ಬಂದ ಗುತ್ತಿಗೆ ನೌಕರ, ಹೇಳಿದಷ್ಟು ಮಾಡುತ್ತಾನೆ. ಮ್ಯಾನೇಜರನ್ನು ಕರೆಸಿ, ಮೆಲ್ಲಗೆ ಒಂದೇ ಮಾತು ಹೇಳಿ: “ದುಡ್ಡಿನ ವಿಷಯ ಆಮೇಲೆ. ಯಾರು, ಯಾಕೆ, ಯಾವ ನಿಯಮದ ಪ್ರಕಾರ ಬೀಗ ಹಾಕಿದ್ದು ಅಂತ ಬರೆದು, ಸೀಲ್ ಹಾಕಿ ಕೊಡಿ.”

ನಾನು ಹೇಳಿದ್ದು ಇಷ್ಟೇ. ಮ್ಯಾನೇಜರ್ ನನ್ನ ಮುಖ ನೋಡಿದರು, ಬೋರ್ಡ್ ನೋಡಿದರು, ಯಾರಿಗೋ ಫೋನ್ ಮಾಡಿದರು. “ಈ ಸಲ ಹೋಗಲಿ ಬಿಡಿ ಸಾರ್” ಎಂದರು. ಕೀಲಿ ಬಂತು.

ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲ್ಲ. ಬರೆದು ಕೊಟ್ಟರೂ ನಿಮಗೆ ಲಾಭವೇ, ಸಾಕ್ಷಿ ಕೈಗೆ ಸಿಕ್ಕಿತಲ್ಲ. ಎರಡಕ್ಕೂ ಒಪ್ಪದಿದ್ದರೆ 112ಕ್ಕೆ ಕರೆ ಮಾಡಿ. “ನೀವ್ ನೀವೇ ಮಾತಾಡ್ಕೊಳ್ಳಿ” ಎಂಬ ಉತ್ತರವೂ ಬರಬಹುದು. ಆಗ ಠಾಣೆಗೆ ಲಿಖಿತ ದೂರು ಕೊಟ್ಟು, ಅದಕ್ಕೆ ಹಿಂಬರಹ (ಠಾಣೆಯವರು ಬರೆದುಕೊಡುವ ಉತ್ತರ) ಕೇಳಿ ಪಡೆಯಿರಿ.

ಮನೆಯಲ್ಲಿ ಹುಷಾರಿಲ್ಲದವರು ಕಾಯುತ್ತಿದ್ದರೆ ಹಟ ಬೇಡ, ಕೊಟ್ಟು ಹೊರಡಿ. ಆದರೆ ಯುಪಿಐನಲ್ಲೇ ಕೊಡಿ. ದುಡ್ಡು ಅಂಗಡಿಯ ಖಾತೆಗೆ ಹೋಯಿತಾ, ಯಾರದೋ ಸ್ವಂತ ಖಾತೆಗಾ ಎಂದು ಪರದೆಯ ಮೇಲೆ ಹೆಸರೇ ಹೇಳುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಾಹನದ ನಂಬರ್ ಮತ್ತು ಕಾರಣ ಇರುವ ರಸೀದಿ ಕೇಳಿ. ‘ಒಪ್ಪಿಗೆ ಇಲ್ಲದೆ, ಕಾರು ಬಿಡಿಸಿಕೊಳ್ಳಲು ಕೊಟ್ಟ ಹಣ’ ಎಂದು ಅದರ ಮೇಲೆ ಬರೆದು ಸಹಿ ಹಾಕಿ, ಫೋಟೊ ತೆಗೆಯಿರಿ.

ದುಡ್ಡು ವಾಪಸ್ ಬೇಕೆಂದರೆ

ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ, ಹದಿನೈದು ದಿನ ಗಡುವು ಕೊಡಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಬೇಲೂರು, ಹಳೇಬೀಡು ನೋಡಲು ಬಂದು ಹಾಸನದಲ್ಲಿ ಸಿಕ್ಕಿಕೊಂಡ ಬೆಂಗಳೂರಿನವರು ಮತ್ತೆ ಇಲ್ಲಿಗೆ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಪಾರ್ಕಿಂಗ್ ಶುಲ್ಕವನ್ನೂ ಕೊಡದೆ, ಏನನ್ನೂ ಕೊಳ್ಳದೆ ಸುಮ್ನೆ ಕಾರು ನಿಲ್ಲಿಸಿ ಹೋಗಿದ್ದರೆ ನೀವು ಗ್ರಾಹಕ ಎಂದು ಆಯೋಗದ ಮುಂದೆ ತೋರಿಸುವುದು ಕಷ್ಟ. ಆಗ ಪೊಲೀಸ್ ದೂರೇ ದಾರಿ.

ಇದು ನಮ್ಮೂರಿನ ತಲೆನೋವು ಮಾತ್ರ ಅಲ್ಲ. ಸ್ಕಾಟ್ಲೆಂಡಿನ ನ್ಯಾಯಾಲಯ 1992ರಲ್ಲೇ ಹೀಗೆ ಬೀಗ ಹಾಕಿ ದುಡ್ಡು ಕೇಳುವುದನ್ನು ಸುಲಿಗೆ, ಕಳವು ಎಂದಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನಿನ ಅಧಿಕಾರ ಇಲ್ಲದೆ ಖಾಸಗಿ ಜಾಗದಲ್ಲಿ ಬೀಗ ಹಾಕುವುದು 2012ರ ಅಕ್ಟೋಬರ್ 1ರಿಂದ ಅಪರಾಧ.

ರಸ್ತೆಯಲ್ಲಿ ಪೊಲೀಸರೇ ಹಾಕಿದ ಬೀಗಕ್ಕೆ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ದಂಡ ಕಟ್ಟಿ, ಚಲನ್ ತೆಗೆದುಕೊಂಡು ಬನ್ನಿ.